ಶಕ್ತಿಯನ್ನರಿತ ತಪಸ್ಸು



ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವು ಆರಂಭವಾಗುವುದು. ಉಪ್ಪಾರಪೇಟೆಯ ನಮ್ಮ ಮನೆಗಳಲ್ಲಿ ಶ್ವಾಸಕೋಶದ ದೀರ್ಘವ್ಯಾಧಿಯುಳ್ಳ ಹಿರಿಯರೂ ಉಪವಾಸದ ಸಂಕಲ್ಪ ಮಾಡುವರು. ಮಹಡಿಯ ಮೆಟ್ಟಿಲಲ್ಲಿ ಮೂರು ಕಡೆ ನಿಲ್ಲುವ ಅವರನ್ನು ಕಿರಿಯರು ಸೋಮಾರಿಗಳೆನ್ನುವರು. ಅವರೂ ಇದು ತಮ್ಮ ಪ್ರಮಾದವೆಂದು ಕೊರಗುವರು. ಇದು ಪ್ರಮಾದವಲ್ಲ. ನಮಗೆ ಅರಿವಿಲ್ಲದೆ ಸಾಗುವ ಉಸಿರಾಟವೇ ಅವರಿಗೆ ದುಡಿಮೆ. ವಿಶ್ರಾಂತಿಯಲ್ಲಿಯೂ ಅದು ದೇಹಬಲವನ್ನು ವ್ಯಯಿಸುತ್ತಿರುವುದು. ಅನಶನವು ಆ ಬಲವನ್ನು ಇನ್ನೂ ಕುಗ್ಗಿಸುವುದು.

ಷೋಡಶಕಾರಣ ಭಾವನೆಗಳಲ್ಲಿ ಒಂದು ಶಕ್ತಿತಸ್ತಪ: ಶಕ್ತಿಯನ್ನು ಬಚ್ಚಿಡದೆ, ಮೀರದೆ ಆಚರಿಸುವ ತಪಸ್ಸು. ಭಸ್ಮಕವ್ಯಾಧಿಯಿಂದ ಬಳಲಿದ ಸಮಂತಭದ್ರಾಚಾರ್ಯರು ಸಲ್ಲೇಖನವನ್ನು ಬೇಡಿದಾಗ, ಗುರುಗಳು ಒಪ್ಪದೆ ಮೊದಲು ರೋಗವನ್ನು ನೀಗಿಕೊಳ್ಳಲು ಆಜ್ಞಾಪಿಸಿದರೆಂಬುದು ಪರಂಪರೆಯ ಕಥೆ. ಆರು ಬಾಹ್ಯತಪಗಳಲ್ಲಿ ಅನಶನದ ಮುಂದಿನದೇ ಅವಮೌದರ್ಯ, ಹೊಟ್ಟೆತುಂಬ ಉಣ್ಣದಿರುವುದು. ತುಂಬಿದ ಜಠರವು ಉಸಿರಾಟದ ವಪೆಯನ್ನು ಒತ್ತುವುದರಿಂದ ವೈದ್ಯರೂ ಇಂಥವರಿಗೆ ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣಲು ಹೇಳುವರು. ಹಗಲಿನಲ್ಲಿಯೇ ಹಾಗೆ ಉಂಡು, ಔಷಧವನ್ನು ತಪ್ಪಿಸದೆ, ಕುಳಿತು ಣಮೋಕಾರ ಜಪಿಸಿದರೆ ಭಾವಕ್ಕೆ ಕುಂದಿಲ್ಲ.

ಉಳಿದವರಿಗೂ ತಪಸ್ಸುಂಟು. ವೈಯಾವೃತ್ತ್ಯವು ಅಂತರಂಗತಪ, ಅದಕ್ಕೆ ಪಾತ್ರರೆಂದು ಹೇಳಿದ ಹತ್ತು ಬಗೆಯ ಮುನಿಗಳಲ್ಲಿ ಗ್ಲಾನ, ಎಂದರೆ ರೋಗಿಯೂ ಸೇರಿರುವನು. ಆ ಭಾವವನ್ನು ಮನೆಗೂ ತನ್ನಿರಿ. ಮೆಟ್ಟಿಲಲ್ಲಿ ಅಜ್ಜಿ ನಿಂತರೆ ಅವಸರಿಸದೆ ನೀವೂ ನಿಲ್ಲಿರಿ. ಅದೂ ಪರ್ವದ ಆಚರಣೆಯೇ.

ಜೈ ಜಿನೇಂದ್ರ.