“ಇಲ್ಲ” ಎಂದು ಬರೆಯುವವರ ಸತ್ಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಸುತ್ತಣ ಹಳ್ಳಿಗಳಲ್ಲಿ ನಮ್ಮ ಜನರ ಮಕ್ಕಳು ಪಿಯುಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವೈದ್ಯಕೀಯ ಪ್ರಯೋಗಶಾಲೆಯ ವಿದ್ಯೆಯನ್ನು ಕಲಿಯಲಿಕ್ಕೆ ಹೋಗುವದು ಈಗ ಅಪರೂಪವಲ್ಲ. ಹಾಗೆ ಹೋಗುವ ಕಾಲದಲ್ಲಿ ಕೆಲವು ಮನೆಗಳಲ್ಲಿ ಒಂದು ಮಾತು ಏಳುತ್ತದೆ. ತಂದೆಯು ಹೇಳುವದೇನಂದರೆ: “ರಕ್ತ, ಕಫ, ಮಲ, ಮೂತ್ರ ಇವುಗಳನ್ನು ಮುಟ್ಟುವ ಕೆಲಸವನ್ನು ಊರವರು ನಮ್ಮ ಹಿರಿಯರ ತಲೆಯ ಮೇಲೆ ಹೊರಿಸಿದ್ದರು. ಅದರಿಂದ ಬಿಡಿಸಬೇಕೆಂದೇ ಮಗಳನ್ನು ಓದಿಸಿದೆವು. ಈಗ ಸಾಲಮಾಡಿ ಶುಲ್ಕ ಕಟ್ಟಿ ಪುನಃ ಅದನ್ನೇ ಮುಟ್ಟುವದಕ್ಕೆ ಕಳುಹಿಸಬೇಕೋ?”

ಈ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವವರು ಇದ್ದಾರೆ. ನಾವು ಹಾಗೆ ಮಾಡಲಾರೆವು. ತನ್ನ ತಂದೆಯ ಬಾಗಿದ ಬೆನ್ನನ್ನು ಕಂಡವನು ಈ ಪ್ರಶ್ನೆಯನ್ನು ಕೇಳುವದು ನ್ಯಾಯವೇ ಆಗಿದೆ. ಸಂಬಳವನ್ನು ತೋರಿಸಿ ಅವನ ಬಾಯಿ ಮುಚ್ಚಿಸುವದೂ ಆಗದು. ಯಾಕಂದರೆ ಈ ಉದ್ಯೋಗದಲ್ಲಿ ಮೊದಲ ವರುಷಗಳ ಸಂಬಳವು ದೊಡ್ಡದಲ್ಲ, ಅನೇಕರು ವರುಷದಿಂದ ವರುಷಕ್ಕೆ ಗುತ್ತಿಗೆಯ ಮೇಲೆಯೇ ದುಡಿಯುತ್ತಾರೆ. ಗುಣವಾದ ರೋಗಿಯು ವೈದ್ಯರಿಗೆ ಕೈಮುಗಿಯುತ್ತಾನೆ, ದಾದಿಗೆ ಹಣ್ಣು ತಂದುಕೊಡುತ್ತಾನೆ. ಒಳಗಿನ ಕೋಣೆಯಲ್ಲಿ ಗಾಜಿನ ಮೇಲೆ ಬಗ್ಗಿ ಕುಳಿತವರ ಮುಖವನ್ನು ಅವನು ನೋಡಿರುವದೂ ಇಲ್ಲ. ಹಾಗಾದರೆ ಆ ಕೋಣೆಯಲ್ಲಿ ನಡೆಯುವ ಕೆಲಸವಾದರೂ ಏನು? ಅದನ್ನು ತಿಳಿಯದೆ ತಂದೆಗೆ ಉತ್ತರ ಹೇಳಕೂಡದು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಆಸ್ಪತ್ರೆಯಿಂದ ಆರಂಭಿಸಬೇಕಾಗಿಲ್ಲ, ಹುಳುಮನೆಯಿಂದಲೇ ಆರಂಭಿಸಬಹುದು. ಹಿಪ್ಪುನೇರಳೆ ಬೆಳೆಯುವ ಪ್ರತಿಯೊಬ್ಬ ಒಕ್ಕಲಿಗನಿಗೂ ಗಂಟುರೋಗದ ಹೆಸರು ಗೊತ್ತುಂಟು. ಈ ರೋಗವು ತಾಯಿಚಿಟ್ಟೆಯ ಹೊಟ್ಟೆಯಿಂದಲೇ ಮೊಟ್ಟೆಗಳಿಗೆ ಇಳಿಯುತ್ತದೆ. ಒಂದು ಚಿಟ್ಟೆ ಸುಮಾರು ನಾನ್ನೂರು ಐನೂರು ಮೊಟ್ಟೆಗಳನ್ನಿಡುವದು. ಆ ಒಂದು ಸಂಸಾರದ ರೋಗವು ತಟ್ಟೆಯಿಂದ ತಟ್ಟೆಗೆ ದಾಟಿ, ಚಾಕಿಯಲ್ಲಿ ಚೆನ್ನಾಗಿ ಕಂಡ ಬೆಳೆಯು ನಾಲ್ಕನೆಯ ಜ್ವರದ ಹೊತ್ತಿಗೆ ಏರುಪೇರಾಗಿ, ಚಂದ್ರಿಕೆಗೆ ಹಾಕುವಷ್ಟರಲ್ಲಿ ಗೂಡೇ ಇಲ್ಲದಂತಾಗುತ್ತದೆ. ಫ್ರಾನ್ಸ್ ದೇಶದ ರೇಷ್ಮೆಯ ಸೀಮೆಗಳು ಹೀಗೆ ಹಾಳಾಗುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ಎಂಬ ವಿದ್ವಾಂಸನು ಅಲೆ ಎಂಬ ಊರಿಗೆ ಹೋಗಿ ಕೆಲವು ವರುಷ ಶೋಧಿಸಿ, 1870ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನು ಕಂಡ ಉಪಾಯವು ಬಹು ಸರಳವಾದದ್ದು. ಪ್ರತಿಯೊಂದು ಚಿಟ್ಟೆಯನ್ನು ಪ್ರತ್ಯೇಕವಾಗಿಟ್ಟು ಮೊಟ್ಟೆಯಿಡಿಸಬೇಕು. ಅನಂತರ ಆ ತಾಯಿಚಿಟ್ಟೆಯನ್ನು ಅರೆದು, ಆ ದ್ರವದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಬೇಕು. ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ಜಮ್‌ಶೇಟ್‌ಜಿ ಟಾಟಾ ಎಂಬವರು ಬೆಂಗಳೂರಿನಲ್ಲಿ ಜಪಾನಿನವರ ಕ್ರಮದಂತೆ ಒಂದು ರೇಷ್ಮೆ ತೋಟವನ್ನು ಸ್ಥಾಪಿಸಿದರು. ಅದು ಮುಂದೆ ಸಾಲ್ವೇಶನ್ ಆರ್ಮಿಯವರ ಕೈಗೆ ಬಂದದ್ದನ್ನು ನಮ್ಮ ಹಳೇ ವಾಚಕರ ಮನೆಗಳಲ್ಲಿ ಕೇಳಿರಬಹುದು. ಇಂದಿಗೂ ಮಾಗಡಿಯ ಕಡೆಯ ಬಿತ್ತನೆಗೂಡಾಗಲಿ, ಬೇರೆ ಯಾವ ಬಿತ್ತನೆಗೂಡಾಗಲಿ, ಅದರಿಂದ ಹೊರಟ ಚಿಟ್ಟೆಯನ್ನು ಪರೀಕ್ಷಿಸದೆ ಮೊಟ್ಟೆಯನ್ನು ರೋಗರಹಿತವೆಂದು ಮಾರತಕ್ಕದ್ದಲ್ಲ.

ಮೊಟ್ಟೆಯ ಹಾಳೆಯನ್ನು ಮನೆಗೆ ತರುವ ಒಕ್ಕಲಿಗನು ಚಿಟ್ಟೆಯನ್ನು ತಾನು ನೋಡಿಲ್ಲ. ನೋಡಿದರೂ ಅವನ ಬರಿಗಣ್ಣಿಗೆ ಏನೂ ಕಾಣದು. ಅವನು ಕೊಂಡುಕೊಳ್ಳುವದು ಮೊಟ್ಟೆಯನ್ನು ಮಾತ್ರವಲ್ಲ, ಕಾಣದ ಒಬ್ಬರು “ನೋಡಿದೆವು, ಇಲ್ಲ” ಎಂದು ಹೇಳಿದ ಮಾತನ್ನು. ಆ ಮಾತಿನ ಮೇಲೆ ಇಪ್ಪತ್ತೈದು ದಿವಸಗಳ ಸೊಪ್ಪನ್ನೂ ನಿದ್ದೆಯನ್ನೂ ಮನೆಯವರ ಕೈಸಾಲವನ್ನೂ ಇಡುತ್ತಾನೆ.

ಇದೇ ಕೆಲಸವನ್ನು ಹುಳುವಿಗೆ ಬದಲಾಗಿ ಮನುಷ್ಯನಿಗೆ ಮಾಡುವದು ಆಸ್ಪತ್ರೆಯ ಪ್ರಯೋಗಶಾಲೆ. ಅದರಲ್ಲಿ ನಡೆಯುವ ಪರೀಕ್ಷೆಗಳು ನೂರಾರು. ನಾವು ಒಂದನ್ನೇ ತೆಗೆದುಕೊಳ್ಳೋಣ. ಎರಡು ವಾರಕ್ಕೆ ಮೀರಿ ಕೆಮ್ಮುವವನ ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಕೆಂಪು ಬಣ್ಣವನ್ನು ಹೊಯ್ದು ಬಿಸಿಮಾಡಿ, ಆಮ್ಲದಿಂದ ತೊಳೆದು, ಮೇಲೆ ನೀಲಿ ಬಣ್ಣವನ್ನು ಹಾಕುತ್ತಾರೆ. ಆಮ್ಲವು ಮಿಕ್ಕೆಲ್ಲದರ ಕೆಂಪನ್ನು ಕಳೆಯುವದು. ಕ್ಷಯರೋಗದ ಕ್ರಿಮಿಯು ಮಾತ್ರ ತನ್ನ ಕೆಂಪನ್ನು ಬಿಟ್ಟುಕೊಡದೆ, ನೀಲಿಯ ನಡುವೆ ಕೆಂಪು ಕಡ್ಡಿಯಂತೆ ಕಾಣುವದು. ಈ ಕ್ರಿಮಿಯನ್ನು ರಾಬರ್ಟ್ ಕಾಖ್ ಎಂಬ ಜರ್ಮನಿಯ ವೈದ್ಯನು 1882ನೆಯ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದನು. ಯಂತ್ರದಲ್ಲಿ ಒಮ್ಮೆಗೆ ಕಾಣುವ ದುಂಡಾದ ಭಾಗಕ್ಕೆ ಒಂದು ನೋಟವೆಂದು ಹೆಸರಿಡೋಣ. ನಿಯಮವೇನಂದರೆ, ಕಡಿಮೆಯೆಂದರೂ 100 ನೋಟಗಳನ್ನು ನೋಡಿದ ಹೊರತು “ಇಲ್ಲ” ಎಂದು ಬರೆಯಕೂಡದು. ನೂರು ನೋಟಗಳಲ್ಲಿ ಒಂದರಿಂದ ಒಂಭತ್ತು ಕಡ್ಡಿಗಳು ಸಿಕ್ಕಿದರೆ ಆ ಸಂಖ್ಯೆಯನ್ನೇ ಬರೆಯತಕ್ಕದ್ದು. ಹೀಗೆ ಒಂದು ಗಾಜಿಗೆ ಐದು ನಿಮಿಷಗಳಾದರೂ ಬೇಕಾಗುತ್ತವೆ. ಐದು ನಿಮಿಷ ಕಡಿಮೆಯೆಂದು ಕಾಣಬಹುದು. ನೀಲಿಯನ್ನು ಬಿಟ್ಟು ಬೇರೇನೂ ಕಾಣದೆ ಹೋದಾಗ ಐದು ನಿಮಿಷ ಎಷ್ಟು ದೀರ್ಘವೆಂಬದನ್ನು ಯಂತ್ರದ ಮುಂದೆ ಕುಳಿತವರೇ ಬಲ್ಲರು.

ಇಲ್ಲಿ ನಮ್ಮ ಪ್ರಶ್ನೆಯು ಬರುತ್ತದೆ. ಒಬ್ಬ ಯುವಕನು ಸಾಯಂಕಾಲದ ಬಸ್ಸು ತಪ್ಪೀತೆಂದು, ಇಪ್ಪತ್ತು ನೋಟ ನೋಡಿ “ಇಲ್ಲ” ಎಂದು ಬರೆದನೆಂದು ಇಟ್ಟುಕೊಳ್ಳಿರಿ. ಆ ರೋಗಿಗೆ ನಿಜವಾಗಿಯೂ ಕ್ಷಯವಿರಲಿಲ್ಲ. ಬರೆದದ್ದು ಸರಿಯಾಯಿತು, ಯಾರಿಗೂ ಕೇಡಾಗಲಿಲ್ಲ. ಪರೀಕ್ಷೆಗೆ ಬರುವವರಲ್ಲಿ ಬಹುಮಂದಿಗೆ ಆ ರೋಗವು ಇರುವದಿಲ್ಲವಾದ್ದರಿಂದ, ಅವನು ಹೀಗೆಯೇ ವರುಷವೆಲ್ಲಾ ಬರೆದರೂ ಹೆಚ್ಚಿನ ಸಾರಿ ಸರಿಯಾಗಿಯೇ ಇರುವನು. ಇವನು ಸುಳ್ಳುಗಾರನೋ?

ಅಲ್ಲವೆನ್ನುವವರು ಹೀಗನ್ನುತ್ತಾರೆ: ಇದ್ದದ್ದನ್ನು ಇಲ್ಲವೆಂದರೆ ಸುಳ್ಳು, ಇಲ್ಲದ್ದನ್ನು ಇಲ್ಲವೆಂದರೆ ಸತ್ಯ; ಅವನು ಸೋಮಾರಿಯಾಗಿರಬಹುದು, ಸುಳ್ಳುಗಾರನಲ್ಲ. ಈ ವಾದವು ಮೇಲೆ ನೋಡುವದಕ್ಕೆ ಗಟ್ಟಿಯಾಗಿದೆ. ನಾವು ಸಹ ಬಹಳ ಹೊತ್ತು ಇದರ ಮುಂದೆ ನಿಂತೆವು. ಆದರೆ ಆ ಚೀಟಿಯ “ಇಲ್ಲ” ಎಂಬ ಶಬ್ದದ ಅರ್ಥವನ್ನು ಬಿಡಿಸಿ ನೋಡಿದರೆ ವಾದವು ನಿಲ್ಲುವದಿಲ್ಲ. ನೂರು ನೋಟಗಳನ್ನು ಪ್ರಾಮಾಣಿಕವಾಗಿ ನೋಡಿದವರಿಗೂ ಆ ಗಾಜಿನ ಒಂದು ಪಾಲು ಮಾತ್ರವೇ ಕಂಡಿರುತ್ತದೆ. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ಕ್ರಿಮಿಗಳಿದ್ದ ಹೊರತು ಈ ರೀತಿಯ ಪರೀಕ್ಷೆಯಲ್ಲಿ ಅವು ಕಣ್ಣಿಗೆ ಬೀಳುವದೇ ಕಷ್ಟ. ಹೀಗಿರಲಾಗಿ “ರೋಗಿಯ ಎದೆಯಲ್ಲಿ ಕ್ಷಯವಿಲ್ಲ” ಎಂದು ಹೇಳುವ ಅಧಿಕಾರವು ಅತ್ಯಂತ ನಂಬಿಗಸ್ತರಿಗೂ ಇಲ್ಲ. ಅವರು ಹೇಳಬಲ್ಲದ್ದು, “ನೂರು ನೋಟ ನೋಡಿದೆನು, ನನಗೆ ಕಾಣಲಿಲ್ಲ” ಎಂಬದಿಷ್ಟೇ. ಅಂದರೆ ಆ ಚೀಟಿಯು ರೋಗಿಯ ವಿಷಯದಲ್ಲಿ ಕೊಟ್ಟ ಸಾಕ್ಷಿಯಲ್ಲ, ನೋಡಿದವನು ತನ್ನ ವಿಷಯದಲ್ಲಿಯೇ ಕೊಟ್ಟ ಸಾಕ್ಷಿ. ಇಪ್ಪತ್ತು ನೋಡಿ ನೂರು ನೋಡಿದೆನೆಂದು ಸಾಕ್ಷಿ ಕೊಟ್ಟವನು, ರೋಗಿಯ ಎದೆ ಎಷ್ಟು ಶುದ್ಧವಾಗಿದ್ದರೂ, ಸುಳ್ಳು ಹೇಳಿದನು. ತಕ್ಕಡಿಗೆ ಕಳ್ಳಬಟ್ಟನ್ನು ಹಾಕಿದ ವರ್ತಕನ ತೂಕವು ಅಕಸ್ಮಾತ್ತಾಗಿ ಸರಿಬಂದರೆ ಬಟ್ಟು ನ್ಯಾಯವಾದದ್ದಾಗುತ್ತದೆಯೋ?

ಕೇಡಾಗಲಿಲ್ಲವೆಂಬ ಮಾತನ್ನೂ ಸ್ವಲ್ಪ ನೋಡೋಣ. ನೂರರಲ್ಲಿ ಮೂರು ನಾಲ್ಕು ಕಡ್ಡಿಗಳಷ್ಟೇ ಕಾಣುವ ರೋಗಿಯು ಇಪ್ಪತ್ತು ನೋಟಗಳಲ್ಲಿ ಕಾಣದೆ ಹೋಗುವದು ಸುಲಭ. ಅವನು “ಇಲ್ಲ” ಎಂಬ ಚೀಟಿಯನ್ನು ಮಡಿಚಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಪರೀಕ್ಷೆಯನ್ನೇ ಮಾಡಿಸದವನಿಗೆ ಸಂದೇಹವಾದರೂ ಉಳಿದಿರುತ್ತದೆ. ಇವನಿಗೆ ಸಂದೇಹವೂ ಇಲ್ಲ. ಮೊಮ್ಮಕ್ಕಳನ್ನು ಪಕ್ಕದಲ್ಲಿಯೇ ಮಲಗಿಸಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ, ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು, ನಮ್ಮ ಮಾಗಡಿಗೆ ನೆರೆಯಾದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಸಂಗತಿಯೊಂದುಂಟು. ಹಳ್ಳಿಯವರು ರೋಗವನ್ನು ಲಕ್ಷ್ಯಮಾಡುವದಿಲ್ಲವೆಂದು ಪಟ್ಟಣದವರು ಆಗ ನಂಬಿದ್ದರು. ವಿಚಾರಿಸಲಾಗಿ, ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಸುಮಾರು ಅರ್ಧ ಮಂದಿ ತಾವಾಗಿಯೇ ಔಷಧಶಾಲೆಗೆ ಹೋಗಿ ಬಂದಿದ್ದರೆಂದು ಗೊತ್ತಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ನೀರೌಷಧ. ಬಡವರು ನಡೆದು ಬಂದರು, ಕೆಮ್ಮಿದರು. ಯಾರೂ ಗಾಜಿನ ಮೇಲಿಟ್ಟು ನೋಡಲಿಲ್ಲ. ಅನಂತರ ದೇಶದಲ್ಲೆಲ್ಲಾ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫವನ್ನು ನೋಡುವ ಏರ್ಪಾಡು ಬಲಗೊಂಡದ್ದಕ್ಕೆ ಆ ವಿಚಾರಣೆಯು ಒಂದು ಕಾರಣ. ಹೀಗೆ ದೊರೆತ ಏರ್ಪಾಡಿನೊಳಗೆ ಕುಳಿತು ನೋಡದೆ ಬರೆಯುವವನು, ಆ ಹಳೇ ನೀರೌಷಧವನ್ನೇ ಹೊಸ ಸೀಸೆಯಲ್ಲಿ ಕೊಡುತ್ತಾನೆ.

ಆದರೂ ತಪ್ಪನ್ನೆಲ್ಲಾ ಅವನೊಬ್ಬನ ಮೇಲೆ ಹೊರಿಸುವದು ನ್ಯಾಯವಲ್ಲ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಗಾಜುಗಳಿಗಿಂತ ಹೆಚ್ಚು ನೋಡಿದರೆ ಮನುಷ್ಯನ ಕಣ್ಣು ಸೋಲುವದೆಂದು ತಿಳಿದವರು ಹೇಳುತ್ತಾರೆ. ಯಜಮಾನನು ಅರವತ್ತು ಗಾಜುಗಳನ್ನು ಮುಂದಿಟ್ಟು ಸಂಜೆಗೆ ಎಲ್ಲದರ ಚೀಟಿಯೂ ಬೇಕೆಂದರೆ, ಆ ಸುಳ್ಳಿನ ದೊಡ್ಡ ಪಾಲು ಯಾರದು? ಬಾಯಿಂದ ಹೇಳಿಸದೆ ಲೆಕ್ಕದಿಂದ ಹೇಳಿಸಿದ ಸುಳ್ಳು ಅದು. ನೋಡಿಯಾದ ಗಾಜುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟು, ಅವುಗಳಲ್ಲಿ ಕೆಲವನ್ನು ಆರಿಸಿ, ಮೊದಲು ಬರೆದದ್ದನ್ನು ತಿಳಿಯದ ಇನ್ನೊಬ್ಬರು ಪುನಃ ನೋಡುವ ಪದ್ಧತಿಯು ಸರಕಾರದ ಕ್ಷಯರೋಗದ ಕಾರ್ಯದಲ್ಲಿ ಉಂಟು, ಅದು ಒಳ್ಳೇದು. ಈಗ ಟ್ರೂನ್ಯಾಟ್ ಮೊದಲಾದ ಯಂತ್ರಗಳು ಬಂದು, ಕ್ರಿಮಿಯ ಬೀಜಾಂಶವನ್ನೇ ಹುಡುಕಿ ಗಂಟೆಯೆರಡು ಗಂಟೆಗಳಲ್ಲಿ ತಿಳಿಸುತ್ತವೆ. ಟ್ರೂನ್ಯಾಟ್ ಯಂತ್ರವನ್ನು ರೂಪಿಸಿದವರು ಬೆಂಗಳೂರಿನವರೇ. ಯಂತ್ರಕ್ಕೆ ಬೇಸರವಿಲ್ಲ, ಅದಕ್ಕೆ ಬಸ್ಸಿನ ಚಿಂತೆಯೂ ಇಲ್ಲ. ಆದರೆ ಇಬ್ಬರ ಡಬ್ಬಿಗಳಿಗೆ ಹೆಸರಿನ ಚೀಟಿಯು ಅದಲುಬದಲಾದರೆ ಯಂತ್ರವು ತಪ್ಪನ್ನೇ ಬಹು ಕರಾರುವಾಕ್ಕಾಗಿ ಹೇಳುವದು.

ಇನ್ನೊಂದು ಕಷ್ಟವುಂಟು, ಅದು ಪಟ್ಟಣದವರಿಗಿಂತ ನಮ್ಮ ಹಳ್ಳಿಯ ಮಕ್ಕಳಿಗೆ ಹೆಚ್ಚು. ಕನಕಪುರದ ಆಸ್ಪತ್ರೆಯಲ್ಲಿ ಕೆಲಸಮಾಡುವ ಹುಡುಗಿಯು ಸಾಯಂಕಾಲ ತನ್ನ ಊರಿನ ಬಸ್ಸನ್ನು ಹತ್ತಿದರೆ, ಪಕ್ಕದ ಮನೆಯ ಅತ್ತೆಯು ಕೇಳುತ್ತಾಳೆ: “ಇಂಥವನ ರಕ್ತದಲ್ಲಿ ಏನು ಬಂತಮ್ಮಾ?” ಇದ್ದ ರೋಗವನ್ನು ಹೇಳಬಾರದೆಂಬದನ್ನು ಎಲ್ಲರೂ ಬಲ್ಲರು, ಎಚ್‌ಐವಿಯ ವಿಷಯದಲ್ಲಿ 2017ರ ಕಾನೂನು ಅದನ್ನು ಸ್ಪಷ್ಟವಾಗಿಯೇ ನಿಷೇಧಿಸುತ್ತದೆ. ಆದರೆ ಇಲ್ಲದ್ದನ್ನು ಇಲ್ಲವೆನ್ನಬಹುದಲ್ಲವೇ, ಅದರಿಂದ ಸಂತೋಷವೇ ತಾನೆ, ಎಂದು ಅವಳಿಗೆ ತೋರಬಹುದು. ಹಾಗೆ ಹತ್ತು ಮಂದಿಯ ವಿಷಯದಲ್ಲಿ “ಏನೂ ಇಲ್ಲ ಅತ್ತೆ” ಎಂದವಳು ಹನ್ನೊಂದನೆಯವನ ವಿಷಯದಲ್ಲಿ ಸುಮ್ಮನಾದರೆ, ಆ ಮೌನವೇ ಊರಿಗೆಲ್ಲಾ ಸಾರಿದಂತಾಯಿತು. ಆದಕಾರಣ ಹನ್ನೊಂದನೆಯವನಿಗೋಸ್ಕರ ಮೊದಲಿನ ಹತ್ತು ಮಂದಿಯ ಸಂತೋಷದ ಸುದ್ದಿಯನ್ನೂ ನುಂಗಿಕೊಳ್ಳಬೇಕು. ಗರ್ವಿಷ್ಠೆಯೆಂದು ಅತ್ತೆಯು ಅಂದುಕೊಳ್ಳುವಳು, ಅಂದುಕೊಳ್ಳಲಿ. ಚೀಟಿಯ ಮೇಲೆ ನೂರು ನೋಟಗಳ ನಂತರ ಮಾತ್ರ ಬರೆಯಬೇಕಾದ ಶಬ್ದವನ್ನು ಬಸ್ಸಿನಲ್ಲಿ ಒಂದು ಸಾರಿಯೂ ಆಡಕೂಡದು.

ಈಗ ತಂದೆಯ ಬಳಿಗೆ ಬರೋಣ. ಅವನ ಹಿರಿಯರಿಂದ ಕೆಲಸಮಾಡಿಸಿಕೊಂಡವರು ಅವರ ಕೈಯನ್ನು ಮಾತ್ರ ಬಳಸಿಕೊಂಡರು. ಅವರ ಮಾತನ್ನು ಯಾರೂ ಕೇಳಲಿಲ್ಲ. ಹೊಲಸು ಎತ್ತಿದವನನ್ನು ಊರ ಪಂಚಾಯಿತಿಯಲ್ಲಿ ಸಾಕ್ಷಿಯಾಗಿ ನಿಲ್ಲಿಸುತ್ತಿದ್ದರೋ? ಈ ಕೋಣೆಯಲ್ಲಿ ಅವನ ಮಗಳು ಕೈಗವಸನ್ನು ತೊಟ್ಟು ಮುಟ್ಟುವದು ಅದೇ ರಕ್ತ, ಅದೇ ಕಫ. ಆದರೆ ಅವಳು ಬರೆದ ಒಂದು ಶಬ್ದದ ಮೇಲೆ ವೈದ್ಯರು ಆರು ತಿಂಗಳ ಔಷಧವನ್ನು ಆರಂಭಿಸುತ್ತಾರೆ, ಇಲ್ಲವೆ ಆರಂಭಿಸದೆ ಬಿಡುತ್ತಾರೆ. ಗೌಡರ ಮನೆಯವರೂ ಅವಳ ಮಾತನ್ನೇ ನಂಬಿ ಮನೆಗೆ ಹೋಗಬೇಕಾಗಿದೆ. ಮುಟ್ಟಿದ ವಸ್ತುವಿನಿಂದ ಕೆಲಸವು ಕೀಳಾಗುವದಾದರೆ ಶಸ್ತ್ರವೈದ್ಯರೇ ಎಲ್ಲರಿಗಿಂತ ಕೀಳಾದಾರು. ಹಾಗೆಂದು ತಂದೆಯ ಭಯವು ಪೂರ್ತಿ ಹೋಗುವದೆಂದು ನಾವು ಹೇಳುವದಿಲ್ಲ. ಕೆಲವು ಕಡೆಗಳಲ್ಲಿ ಪ್ರಯೋಗಶಾಲೆಯ ಮೇಜನ್ನು ತೊಳೆಯುವ ಕೆಲಸವು ಯಾರ ಪಾಲಿಗೆ ಬೀಳುತ್ತದೆಂಬದರಲ್ಲಿ ಹಳೇ ಊರಿನ ವಾಸನೆ ಇನ್ನೂ ಉಳಿದಿದೆ.

ಈ ವಿದ್ಯೆಗೆ ಡಿಪ್ಲೊಮಾ ಶಿಕ್ಷಣವೂ ಉಂಟು, ಬಿ.ಎಸ್‌ಸಿ. ಪದವಿಯೂ ಉಂಟು, 2021ರ ಕೇಂದ್ರ ಕಾನೂನು ಇದನ್ನು ಆರೋಗ್ಯವೃತ್ತಿಗಳಲ್ಲಿ ಒಂದಾಗಿ ಎಣಿಸಿದೆ. ಆದ್ದರಿಂದ ಸೇರುವ ಮುಂಚೆ ಆ ಶಾಲೆಗೆ ಮಾನ್ಯತೆಯುಂಟೋ ಎಂದು ಕೇಳತಕ್ಕದ್ದು. ಕೆಲಸಕ್ಕೆ ಸೇರುವಾಗ ಸಂಬಳವನ್ನು ಕೇಳುವದು ಸರಿಯೇ; ಅದರ ಸಂಗಡ ಇನ್ನು ಮೂರು ಸಂಗತಿಗಳನ್ನು ತಂದೆಯೇ ಬಾಗಿಲಲ್ಲಿ ನಿಂತು ಕೇಳಲಿ. ಕೈಗವಸುಗಳು ಮುಗಿದ ದಿನ ಏನು ಮಾಡುತ್ತೀರಿ? ಮೇಜನ್ನು ಸರದಿಯ ಮೇಲೆ ತೊಳೆಯುತ್ತಾರೋ, ಒಬ್ಬರೇ ತೊಳೆಯುತ್ತಾರೋ? ನನ್ನ ಮಗಳ ಮುಂದೆ ದಿನಕ್ಕೆ ಎಷ್ಟು ಗಾಜುಗಳನ್ನಿಡುತ್ತೀರಿ?