ಆರೈಕೆಗೆ ಅಳತೆಗೋಲು ಯಾವುದು?

ತಂದೆ ತಾಯಿಯರನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಸರಿಯೋ ತಪ್ಪೋ ಎಂಬ ಬಗ್ಗೆ ನಮ್ಮ ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಅದರಲ್ಲಿ ಕಣ್ಣೀರೂ ಇದೆ, ಖಂಡನೆಯೂ ಇದೆ. ಆದರೆ ಸೇರಿಸಿಯಾದ ಮೇಲೆ ಅಲ್ಲಿ ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ, ಅದನ್ನು ತಿಳಿಯುವ ಬಗೆ ಯಾವುದು ಎಂದು ಕೇಳುವವರು ವಿರಳ. ಖಂಡಿಸುವವರಿಗೆ ಆ ಪ್ರಶ್ನೆ ಬೇಡ. ಸೇರಿಸುವುದೇ ತಪ್ಪೆಂದು ತೀರ್ಪು ಕೊಟ್ಟಾದ ಮೇಲೆ ಒಳಗಿನ ವಿಚಾರ ಏಕೆ? ಸೇರಿಸಿದವರಿಗೂ ಬೇಡ. ಉತ್ತರ ಕಹಿಯಾಗಿದ್ದರೆ ಏನು ಮಾಡುವುದೆಂಬ ಭಯ. ಇವರಿಬ್ಬರ ನಡುವೆ, ಹಾಸಿಗೆ ಹಿಡಿದ ಮುದುಕಿಯೊಬ್ಬಳ ದಿನಗಳು ಯಾರೂ ವಿಚಾರಿಸದೆ ಕಳೆದುಹೋಗುತ್ತವೆ.

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರ ಕಾಯಿದೆಯನ್ನೇ ತಂದಿತು. ಹೆತ್ತವರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡವರಿಗೆ ಮೂರು ತಿಂಗಳ ಸೆರೆವಾಸ ಅಥವಾ 5,000 ರೂಪಾಯಿ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ಇರಬಹುದಾದ ವೃದ್ಧಾಶ್ರಮದ ಪ್ರಸ್ತಾಪವೂ ಇದೆ. ಕಾಯಿದೆ ತಲೆ ಎಣಿಸಿದೆ. ಒಳಗಿನ ಮಟ್ಟ ಹೇಗಿರಬೇಕೆಂಬುದನ್ನು ರಾಜ್ಯ ಸರಕಾರಗಳು ನಿಗದಿಪಡಿಸಲಿ ಎಂದು ಬಿಟ್ಟಿದೆ. ಸರಕಾರ ನಿಗದಿಪಡಿಸಿದರೂ ನಿಮ್ಮ ತಾಯಿ ಮಲಗಿರುವ ಕೋಣೆಯ ತನಕ ಬಂದು ನೋಡುವವರು ಯಾರು? ಕೊನೆಗೂ ಆ ಕೆಲಸ ಮಕ್ಕಳ ಪಾಲಿಗೇ ಉಳಿಯುತ್ತದೆ. ಮಕ್ಕಳು ದುಬೈಯಲ್ಲೋ ದಮ್ಮಾಮ್‌ನಲ್ಲೋ ಇದ್ದರೆ ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಅದು ಆಗಬೇಕು.

ಮೊದಲ ಭೇಟಿಯಲ್ಲಿ ನಿಮಗೆ ಕಾಣುವುದೇನು? ಹೊಸ ಟೈಲ್ಸ್, ಟಿ.ವಿ., ಆಂಬುಲೆನ್ಸ್, ಗೋಡೆಯ ಮೇಲೆ ಗಣ್ಯರ ಭೇಟಿಯ ಫೋಟೋಗಳು. ಇವೆಲ್ಲ ಕೆಟ್ಟವಲ್ಲ. ಆದರೆ ಇವು ಆರೈಕೆಯೂ ಅಲ್ಲ. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದ ಲೇಖನವೊಂದು ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು ಅವರು ಹೇಳಿದರು: ಏನೇನಿದೆ, ಏನು ಮಾಡುತ್ತಾರೆ, ಅದರಿಂದ ರೋಗಿಗೆ ಏನಾಯಿತು. ನಾವು ಮೊದಲನೆಯದನ್ನು ನೋಡಿ ತೃಪ್ತರಾಗಿ ಮುಂಗಡ ಹಣ ಕಟ್ಟಿ ಬರುತ್ತೇವೆ. ಎರಡನೆಯದನ್ನೂ ಮೂರನೆಯದನ್ನೂ ನೋಡಲು ಸಮಯ ಬೇಕು, ಸ್ವಲ್ಪ ಧೈರ್ಯವೂ ಬೇಕು.

ಹಾಸಿಗೆ ಹುಣ್ಣಿನ ವಿಚಾರವನ್ನೇ ತೆಗೆದುಕೊಳ್ಳಿ. ಬೆಡ್‌ಸೋರ್ ಎಂದರೆ ನಮ್ಮ ಊರಿನ ಎಲ್ಲರಿಗೂ ಗೊತ್ತು. ಹೊರಳಲಾಗದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿ ರಕ್ತ ಸಂಚಾರ ನಿಲ್ಲುತ್ತದೆ. ಮೊದಲು ಒಂದು ಕೆಂಪು ಕಲೆ, ಆಮೇಲೆ ಗುಳ್ಳೆ, ಆಮೇಲೆ ಎಲುಬಿನವರೆಗೆ ಇಳಿಯುವ ಗಾಯ. ಬೆನ್ನಿನ ಕೆಳತುದಿ, ಸೊಂಟದ ಬದಿ, ಹಿಮ್ಮಡಿ ಇದರ ಜಾಗಗಳು. ಬ್ರಿಟನ್ನಿನ ದಾದಿ ಡೊರೀನ್ ನಾರ್ಟನ್ ಮತ್ತು ಅವರ ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಹಸ್ಥಿತಿ, ಮನಸ್ಥಿತಿ, ಓಡಾಟ, ಹೊರಳುವ ಶಕ್ತಿ, ಮಲಮೂತ್ರದ ಹತೋಟಿ ಈ ಐದಕ್ಕೆ ತಲಾ 4ರ ತನಕ ಅಂಕ ಕೊಟ್ಟು, ಒಟ್ಟು 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹುಣ್ಣಾಗುವ ಅಪಾಯವಿದೆ ಎಂದು ಗುರುತಿಸಿದರು. ಅದಕ್ಕೆ ದುಬಾರಿ ಮುಲಾಮಿಗಿಂತ ಮುಖ್ಯವಾದದ್ದು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು.

ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿ. ರಾತ್ರಿ ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಯಾರೋ ಎದ್ದು ಬಂದು ನಿಮ್ಮ ಉಮ್ಮನನ್ನು ಮೆಲ್ಲನೆ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು, ಒದ್ದೆಯಾಗಿದ್ದರೆ ಬಟ್ಟೆ ಬದಲಿಸಬೇಕು. ಆ ಹೊತ್ತಿನಲ್ಲಿ ನೋಡುವವರಿಲ್ಲ, ಹೊಗಳುವವರಿಲ್ಲ. ರಿಜಿಸ್ಟರಿನಲ್ಲಿ ಬೆಳಿಗ್ಗೆ ಒಟ್ಟಿಗೆ ಸಹಿ ಹಾಕಿಬಿಡಬಹುದು. ಆದರೆ ಆ ರಾತ್ರಿಗಳ ಲೆಕ್ಕವನ್ನು ಚರ್ಮ ಬರೆದಿಡುತ್ತದೆ. ಜಿಬ್ರೀಲ್‌ರ ಪ್ರಶ್ನೆಗೆ ಉತ್ತರವಾಗಿ ಪ್ರವಾದಿವರ್ಯರು(ಸ) ‘ಇಹ್ಸಾನ್’ ಎಂಬುದನ್ನು ವಿವರಿಸಿದ್ದು ನಿಮಗೆಲ್ಲ ತಿಳಿದಿದೆ. ನಮ್ಮನ್ನು ಕಾಣುವವನೊಬ್ಬನಿದ್ದಾನೆಂಬ ಅರಿವಿನಲ್ಲಿ ಕರ್ಮ ಮಾಡುವುದು ಅದರ ತಾತ್ಪರ್ಯ. ಹೆತ್ತವರೊಂದಿಗಿನ ವರ್ತನೆಯ ಬಗ್ಗೆ ಹೇಳುವಾಗ ಪವಿತ್ರ ಕುರ್‌ಆನ್ ಬಳಸಿರುವುದೂ ಇದೇ ಪದ. ಅದನ್ನು ನಾವು ‘ಉತ್ತಮ ವರ್ತನೆ’ ಎಂದು ಅನುವಾದಿಸಿ ಮುಂದೆ ಹೋಗುತ್ತೇವೆ. ನಡುರಾತ್ರಿ ಎರಡು ಗಂಟೆಯ ಆ ಹೊರಳಿಸುವಿಕೆಯನ್ನು ನೆನೆದರೆ ಪದದ ತೂಕ ಗೊತ್ತಾಗುತ್ತದೆ.

ಹಾಗಾಗಿ ಭೇಟಿಗೆ ಹೋದಾಗ ನಾಚಿಕೆ ಬಿಟ್ಟು ಹಿಮ್ಮಡಿ ನೋಡಿ. ತಾಯಿಯಾದರೆ ಮಗಳೋ ಸೊಸೆಯೋ ಬೆನ್ನು ನೋಡಲಿ. ಉಗುರು ನೋಡಿ, ಬಾಯಿಯೊಳಗೆ ನೋಡಿ. ನೀರಿನ ಲೋಟ ಕೈಗೆ ಎಟಕುವಲ್ಲಿದೆಯೇ, ಕರೆಗಂಟೆಯ ಸ್ವಿಚ್ಚು ಎಟಕುತ್ತದೆಯೇ? ಎಷ್ಟೋ ವೃದ್ಧರು ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಯಾರನ್ನಾದರೂ ಕರೆಯಬೇಕು, ಕರೆದರೆ ಗದರಿಕೆ ಕೇಳಬೇಕು. ಒಣಗಿದ ನಾಲಿಗೆ ಅನೇಕ ಸಲ ಇಂತಹ ಗದರಿಕೆಯ ಗುರುತು. ತಿಂಗಳು ತಿಂಗಳ ತೂಕ ಬರೆದಿಟ್ಟಿದ್ದಾರೆಯೇ ಎಂದು ಕೇಳಿ. ತೂಕ ಇಳಿಯುತ್ತಿದ್ದರೆ ಊಟ ಬಡಿಸಿದ್ದಾರೆ, ತಿನ್ನಿಸಿಲ್ಲ ಎಂದಿರಬಹುದು. ಹಲ್ಲಿನ ಸೆಟ್ ಕಳೆದುಹೋಗಿ ಹದಿನೈದು ದಿನ ಆಗಿರಲೂಬಹುದು.

ಇನ್ನೊಂದು ವಿಷಯ ಕಟ್ಟಿಹಾಕುವುದು. ಬಿದ್ದುಬಿಡುತ್ತಾರೆಂಬ ಕಾರಣ ಹೇಳಿ ಸೊಂಟಕ್ಕೆ ಬಟ್ಟೆ ಸುತ್ತಿ ಮಂಚಕ್ಕೋ ಕುರ್ಚಿಗೋ ಬಿಗಿಯುವುದುಂಟು. ಕೆಲವು ಕಡೆ ಕಟ್ಟುವ ಬದಲು ನಿದ್ರೆಯ ಮಾತ್ರೆ. ಅಮೆರಿಕದಲ್ಲಿ 1987ರಲ್ಲಿ ಬಂದ ಕಾನೂನು, ಶಿಕ್ಷೆಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ವೃದ್ಧರನ್ನು ಹಗ್ಗದಿಂದಲೂ ಔಷಧಿಯಿಂದಲೂ ಕಟ್ಟುವಂತಿಲ್ಲ ಎಂದಿತು. ‘ಅನುಕೂಲಕ್ಕಾಗಿ’ ಎಂಬ ಆ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಮಧ್ಯಾಹ್ನ ಮೂರಕ್ಕೆ ನೀವು ಹೋದಾಗ ಇಡೀ ಹಾಲ್ ನಿದ್ರಿಸುತ್ತಿದ್ದರೆ, ಸಂಜೆ ಹೋದಾಗಲೂ ನಿದ್ರಿಸುತ್ತಿದ್ದರೆ, ಅದು ಯಾರ ಅನುಕೂಲಕ್ಕೆಂದು ಮಾತ್ರೆಯ ಚೀಟಿ ಕೇಳಿ ನೋಡಬೇಕಾಗುತ್ತದೆ.

ಮೇಲೆ ಹೇಳಿದ್ದೆಲ್ಲ ದೇಹದ ವಿಚಾರ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಟಾಮ್ ಕಿಟ್‌ವುಡ್ ಎಂಬ ಮನೋವಿಜ್ಞಾನಿ ಮರೆಗುಳಿತನದ ವೃದ್ಧರಿದ್ದ ಕೇಂದ್ರಗಳಲ್ಲಿ ಬೇರೊಂದು ರೀತಿಯ ಪರಿಶೀಲನೆಯನ್ನು ರೂಪಿಸಿದರು. ಪರೀಕ್ಷಕರು ಕಡತ ಕೇಳುವುದಿಲ್ಲ. ಹಜಾರದ ಮೂಲೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತು, ಐದೈದು ನಿಮಿಷಕ್ಕೊಮ್ಮೆ ಪ್ರತಿಯೊಬ್ಬ ವೃದ್ಧರೂ ಏನು ಮಾಡುತ್ತಿದ್ದಾರೆ, ಮುಖದಲ್ಲಿ ನೆಮ್ಮದಿ ಇದೆಯೋ ದುಗುಡವಿದೆಯೋ ಎಂದು ಬರೆಯುತ್ತಾರೆ. 1998ರಲ್ಲಿ ತೀರಿಕೊಂಡ ಕಿಟ್‌ವುಡ್ ಕಂಡುಕೊಂಡ ಸತ್ಯ ಕಳವಳಕಾರಿ. ವೃದ್ಧರನ್ನು ಕುಗ್ಗಿಸುವ ನಡತೆ ಹೆಚ್ಚಾಗಿ ದುಷ್ಟರದಲ್ಲ, ಒಳ್ಳೆಯ ಮನಸ್ಸಿನ ಸಾಮಾನ್ಯ ಕೆಲಸಗಾರರದು. ಎದುರಿಗಿದ್ದವರನ್ನು ಇಲ್ಲವೆಂಬಂತೆ ಅವರ ತಲೆಯ ಮೇಲಿನಿಂದಲೇ ಮಾತಾಡುವುದು, ಮಗುವಿನಂತೆ ಗದರಿಸುವುದು, ಅವರ ವೇಗ ಮೀರಿ ತುತ್ತು ತುರುಕುವುದು, ತಾನೇ ಮಾಡಬಲ್ಲ ಕೆಲಸವನ್ನು ಕಸಿದು ಮಾಡಿಬಿಡುವುದು. ಯಾವ ದೂರಿನ ಪೆಟ್ಟಿಗೆಗೂ ಇವು ಬೀಳುವುದಿಲ್ಲ. ನೀವೂ ಒಂದು ದಿನ, ತಂದೆಯ ಜತೆ ಮಾತು ಮುಗಿದ ಬಳಿಕ, ಹೊರಡದೆ ಒಂದು ಗಂಟೆ ಮೂಲೆಯಲ್ಲಿ ಕುಳಿತು ನೋಡಿ. ಬಂದವರು ಹೊರಟರೆಂದುಕೊಂಡ ಮೇಲೆ ಒಂದು ಮನೆ ನಿಜವಾಗಿ ಹೇಗಿರುತ್ತದೆಂಬುದು ಆಗ ಕಾಣುತ್ತದೆ.

ಭಾಷೆಯ ಮಾತನ್ನೂ ಹೇಳಲೇಬೇಕು. ಮರೆವು ಹೆಚ್ಚಿದಂತೆ ಅನೇಕರಿಗೆ ನಂತರ ಕಲಿತ ಭಾಷೆಗಳು ಜಾರಿಹೋಗಿ ಮೊದಲ ಭಾಷೆಯೇ ಉಳಿಯುತ್ತದೆ. ಬ್ಯಾರಿ ಮಾತ್ರ ಬರುವ ಮುದುಕಿಯೊಬ್ಬರನ್ನು ಹಿಂದಿ ಮಾತ್ರ ಬರುವ ಹುಡುಗಿಯೊಬ್ಬಳು ನೋಡಿಕೊಳ್ಳುವಾಗ ಇಬ್ಬರಲ್ಲೂ ತಪ್ಪಿಲ್ಲ. ಆದರೂ ನೋವು ಎಲ್ಲಿ ಎಂಬುದು ತಿಳಿಯುವುದಿಲ್ಲ. ನಮಾಝಿನ ಹೊತ್ತು ಕೇಳಿದರೆ ‘ಅಜ್ಜಿ ಗಲಾಟೆ ಮಾಡುತ್ತಾರೆ’ ಎಂದಾಗುತ್ತದೆ. ವುಝೂವಿಗೆ ನೀರು, ಕಿಬ್ಲಾದ ದಿಕ್ಕು, ಸ್ನಾನಕ್ಕೆ ಹೆಣ್ಣಾಳು, ರಮಝಾನಿನಲ್ಲಿ ಔಷಧಿಯ ಹೊತ್ತು, ಮರಣ ಸಂಭವಿಸಿದರೆ ಯಾರಿಗೆ ತಿಳಿಸಬೇಕೆಂಬ ಚೀಟಿ, ಇವನ್ನು ಸೇರಿಸುವ ದಿನವೇ ಕೇಳಿ ಬರೆಸಿಡುವುದು ಮಕ್ಕಳ ಕೆಲಸ. ಬೇರೆ ಧರ್ಮದವರು ನಡೆಸುವ ಆಶ್ರಮದಲ್ಲೂ ಕೇಳಿದರೆ ಇದಕ್ಕೆಲ್ಲ ದಾರಿಯಾಗಬಹುದು. ಕೇಳದೆ ಸುಮ್ಮನಿದ್ದು ಆಮೇಲೆ ದೂರುವುದು ನ್ಯಾಯವಲ್ಲ.

ಇಷ್ಟೆಲ್ಲ ಏಕೆ, ತಾಯಿಯನ್ನೇ ಕೇಳಿದರಾಯಿತಲ್ಲ ಎನ್ನಬಹುದು. ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತೀರಿ: ‘ಉಮ್ಮಾ, ಹೇಗಿದ್ದೀರಿ?’ ‘ಚೆನ್ನಾಗಿದ್ದೇನೆ ಮಗನೇ, ನೀನು ಊಟ ಮಾಡಿದೆಯಾ?’ ಆ ಉತ್ತರದಲ್ಲಿ ಸಾಕ್ಷ್ಯವಿಲ್ಲ, ಪ್ರೀತಿ ಮಾತ್ರ ಇದೆ. ಫೋನನ್ನು ಕಿವಿಗೆ ಹಿಡಿದಿರುವುದು ಅದೇ ಆಯಾ. ರಾತ್ರಿ ಮೂತ್ರಕ್ಕೆ ಕರೆದುಕೊಂಡು ಹೋಗಬೇಕಾದವಳೂ ಅವಳೇ. ದೂರು ಹೇಳಿ ಅವಳ ಕೈಯಲ್ಲೇ ಉಳಿಯಬೇಕಾದ ಜೀವಕ್ಕೆ ಸತ್ಯ ಹೇಳುವ ಸ್ವಾತಂತ್ರ್ಯ ಎಲ್ಲಿದೆ? ದೂರದಲ್ಲಿ ದುಡಿಯುವ ಮಗನಿಗೆ ಸಂಕಟ ಕೊಡಬಾರದೆಂಬ ಇರಾದೆಯೂ ಸೇರಿಕೊಳ್ಳುತ್ತದೆ. ಅವರ ‘ಚೆನ್ನಾಗಿದೆ’ ಎಂಬುದನ್ನು ಪ್ರಮಾಣಪತ್ರವೆಂದು ಇಟ್ಟುಕೊಳ್ಳುವುದು ನಮಗೆ ಹಿತವಾಗಿರುವುದರಿಂದಲೇ ನಾವು ಅದನ್ನು ನಂಬುತ್ತೇವೆ.

ನಿಜವಾದ ಧಾರ್ಮಿಕ ಪ್ರಶ್ನೆ ಇರುವುದು ಇಲ್ಲಿ. ಬನೀ ಇಸ್ರಾಈಲ್ ಅಧ್ಯಾಯದ 23ನೇ ವಚನದಲ್ಲಿ ಹೆತ್ತವರ ಮುಪ್ಪಿನ ಪ್ರಸ್ತಾಪ ಬರುವಾಗ ‘ನಿನ್ನ ಬಳಿ’ ಎಂಬ ಅರ್ಥದ ಪದವೊಂದು ಸೇರಿದೆ. ಬೇಸರದ ಒಂದು ಉದ್ಗಾರವೂ ಬಾಯಿಂದ ಹೊರಡಬಾರದೆಂಬ ಆಜ್ಞೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬಳಿಯಲ್ಲೇ ಇಲ್ಲದವನಿಗೆ ಆ ಆಜ್ಞೆಯನ್ನು ಪಾಲಿಸುವುದು ಎಷ್ಟು ಸುಲಭ! ತಿಂಗಳಿಗೊಮ್ಮೆ ಹಣ ಕಳುಹಿಸುವವನ ಬಾಯಿಂದ ಬೇಸರದ ಮಾತು ಬರಲು ಕಾರಣವೇ ಇಲ್ಲ. ಅವನ ಬದಲಿಗೆ ಬೇಸರಪಡಲು ಸಂಬಳದ ಆಳಿದ್ದಾಳೆ. ಹಾಗೆಂದು ಆಶ್ರಮದಲ್ಲಿರುವ ತಾಯಿ ಮಗನ ‘ಬಳಿ’ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಅವರ ಮಾತ್ರೆಯ ಹೆಸರು, ಆಯಾಳ ಹೆಸರು, ಕಳೆದ ತಿಂಗಳ ತೂಕ, ಪಕ್ಕದ ಮಂಚದವರ ಹೆಸರು ಗೊತ್ತಿರುವ ಮಗನ ಬಳಿಯಲ್ಲೇ ಆ ತಾಯಿ ಇದ್ದಾರೆ. ಇವೊಂದೂ ಗೊತ್ತಿಲ್ಲದವನ ಬಳಿ, ಒಂದೇ ಛಾವಣಿಯ ಕೆಳಗಿದ್ದರೂ, ಅವರಿಲ್ಲ.

ಈ ಮಾತು ಮನೆಗೂ ಅನ್ವಯಿಸುತ್ತದೆ. ‘ನಾವು ಹೆತ್ತವರನ್ನು ಆಶ್ರಮಕ್ಕೆ ಸೇರಿಸಿಲ್ಲ’ ಎಂದು ಎದೆಯುಬ್ಬಿಸುವ ಎಷ್ಟು ಮನೆಗಳಲ್ಲಿ ಹಿಂಬದಿಯ ಕೋಣೆಯಲ್ಲಿ ಹಾಸಿಗೆ ಹುಣ್ಣು ಬೆಳೆಯುತ್ತಿಲ್ಲ? ಆಶ್ರಮಕ್ಕೆ ಹಿಡಿಯುವ ಅಳತೆಯನ್ನು ಆ ಕೋಣೆಗೂ ಹಿಡಿಯಬೇಕಲ್ಲವೇ? ಅಲ್ಲಿ ಕರೆಗಂಟೆ ಇಲ್ಲ, ತೂಕದ ಪಟ್ಟಿ ಇಲ್ಲ. ಎರಡು ಗಂಟೆಗೊಮ್ಮೆ ಹೊರಳಿಸುವ ಕೆಲಸ ಯಾರದೆಂಬ ತೀರ್ಮಾನವೂ ಆಗಿಲ್ಲ. ವಾಸ್ತವದಲ್ಲಿ ತೀರ್ಮಾನ ಆಗಿಬಿಟ್ಟಿದೆ: ಸೊಸೆ. ಹೆತ್ತವರ ಸೇವೆಯ ಹೊಣೆ ಮಕ್ಕಳ ಮೇಲಿದೆಯೆಂದು ನಮ್ಮ ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ. ಸೊಸೆ ಮಾಡುವುದು ಅವಳ ಔದಾರ್ಯ. ಮೂರು ಮಕ್ಕಳು, ಅಡುಗೆ, ಗಂಡ ವಿದೇಶದಲ್ಲಿ, ರಾತ್ರಿ ನಾಲ್ಕು ಸಲ ಅತ್ತೆಗಾಗಿ ಎದ್ದವಳಿಗೆ ಹಗಲಿನಲ್ಲಿ ಒಂದು ಗಂಟೆ ನಿದ್ರೆ ಕೊಡಿಸದ ಮಗನು ತಾಯಿಯ ಸೇವೆಯ ಪುಣ್ಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಯಾವ ನ್ಯಾಯ? ಅಂತಹ ಮನೆಗೆ ಹಗಲಿಗೊಬ್ಬ ಹೋಮ್ ನರ್ಸ್ ಬಂದರೆ, ಅಥವಾ ನಿಜಕ್ಕೂ ಒಳ್ಳೆಯ ಆಶ್ರಮವೊಂದು ಹತ್ತಿರದಲ್ಲಿದ್ದು ಮಕ್ಕಳು ದಿನಾ ಹೋಗಿಬರುವಂತಿದ್ದರೆ, ಅದನ್ನು ಕೃತಘ್ನತೆಯೆಂದು ಕರೆಯಲು ನನಗೆ ಧೈರ್ಯವಿಲ್ಲ.

ಇನ್ನು ಆಯಾಗಳ ವಿಚಾರ. ಹನ್ನೆರಡು ಗಂಟೆಯ ಪಾಳಿ, ಕೈತುಂಬ ಕೆಲಸ, ಕೈಗೆ ಬರುವ ಸಂಬಳ ಅಲ್ಪ. ಶಕ್ತಿ ಮೀರಿದ ಕೆಲಸವನ್ನು ಆಳುಗಳ ಮೇಲೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ತಿಂಗಳ ಶುಲ್ಕದಲ್ಲಿ ಐನೂರು ರೂಪಾಯಿ ಇಳಿಸಲು ಚೌಕಾಶಿ ಮಾಡುವಾಗ ಆ ಐನೂರು ಎಲ್ಲಿಂದ ಕಡಿತವಾಗುತ್ತದೆಂದು ನಾವು ಕೇಳುವುದಿಲ್ಲ. ಹೆಚ್ಚಿನ ಸಲ ಅದು ರಾತ್ರಿ ಪಾಳಿಯ ಒಂದು ಜೊತೆ ಕೈಗಳು. ಮುಂದಿನ ಭೇಟಿಯಲ್ಲಿ ಮ್ಯಾನೇಜರರ ಬಳಿ ಒಂದೇ ಪ್ರಶ್ನೆ ಕೇಳಲು ಅವಕಾಶವಿದೆಯೆಂದಾದರೆ ಇದನ್ನು ಕೇಳಿ: ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಈ ಮಹಡಿಯಲ್ಲಿ ಎದ್ದಿರುವವರು ಎಷ್ಟು ಮಂದಿ, ಅವರು ನೋಡಿಕೊಳ್ಳಬೇಕಾದವರು ಎಷ್ಟು ಮಂದಿ? ಉತ್ತರ ಹೇಳಲು ಅವರು ಎಷ್ಟು ಹೊತ್ತು ತೆಗೆದುಕೊಂಡರೆಂಬುದನ್ನೂ ಗಮನಿಸಿ. ಆಮೇಲೆ ಮಹಡಿ ಹತ್ತಿ, ರಾತ್ರಿ ಪಾಳಿಗೆ ಬರುವ ಆ ಹುಡುಗಿಯ ಹೆಸರು ಕೇಳಿ ತಿಳಿದುಕೊಳ್ಳಿ.