ತಪ್ಪು ಯಾರದು, ತೆರುವವರು ಯಾರು?

ಕಲ್ಯಾಣಮಂಟಪವೊಂದರ ಮುಂದಣ ಬಯಲಿನಲ್ಲಿ ಕಾರುಗಳು ಸಾಲುಗಟ್ಟಿ ನಿಂತಿವೆ. ಸದ್ಗೃಹಸ್ಥನೊಬ್ಬನು ತನ್ನ ಕಾರನ್ನು ಹಿಂದಕ್ಕೆ ತೆಗೆಯುವಾಗ ಅದು ನಿಂತಿದ್ದ ಇನ್ನೊಂದು ಕಾರಿನ ಬಾಗಿಲಿಗೆ ತಗುಲಿ, ತಗಡು ಒಳಕ್ಕೆ ನೆಗ್ಗಿತೆಂದು ಇಟ್ಟುಕೊಳ್ಳಬಹುದು. ಆ ಕಾರಿನ ಒಡೆಯನು ಒಳಗೆ ಊಟದ ಪಂಕ್ತಿಯಲ್ಲಿದ್ದಾನೆ. ಯಾರಿಗೂ ಗಾಯವಾಗಿಲ್ಲ, ನೋಡಿದವರೂ ಇಲ್ಲ. ಇಷ್ಟು ಅಲ್ಪವಾದ ಪ್ರಸಂಗದಲ್ಲಿ ಧರ್ಮವಿಚಾರಕ್ಕೆ ಎಡೆಯುಂಟೇ? ಉಂಟು. ದೊಡ್ಡ ಅಪಘಾತವಾದಾಗ ಪೊಲೀಸರು, ಸಾಕ್ಷಿಗಳು, ನ್ಯಾಯಾಲಯ ಎಲ್ಲರೂ ಕೂಡಿ ಸತ್ಯವನ್ನು ಹೊರಗೆಳೆಯುತ್ತಾರೆ. ಇಲ್ಲಿಯಾದರೋ ಸತ್ಯವನ್ನು ಬಲ್ಲವನು ಒಬ್ಬನೇ. ಅದನ್ನು ಹೇಳಿದರೆ ನಷ್ಟವಾಗುವುದೂ ಅವನಿಗೇ.

ತಪ್ಪಿನ ನಿರ್ಣಯವು ಇಂತಹ ಎಡೆಯಲ್ಲಿ ಬಹು ಕಠಿಣವೇನೂ ಅಲ್ಲ. ನಿಂತ ವಾಹನಕ್ಕೆ ಚಲಿಸುವ ವಾಹನವು ತಗುಲಿದರೆ ಹೊಣೆಯು ಸಾಮಾನ್ಯವಾಗಿ ಚಲಿಸಿದವನದು. ಯಾರಿಗೂ ಅಪಾಯವಾಗದೆಂದು ಮೊದಲು ಖಚಿತಪಡಿಸಿಕೊಳ್ಳದೆ ವಾಹನವನ್ನು ಹಿಂದಕ್ಕೆ ನಡೆಸಕೂಡದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಅವುಗಳ ಸ್ಥಾನಕ್ಕೆ 2017ರಲ್ಲಿ ಬೇರೆ ನಿಯಮಾವಳಿ ಬಂದರೂ ಹಿಂದೆ ಸರಿಯುವವನ ಎಚ್ಚರದ ಹೊಣೆ ಹಗುರವಾಗಲಿಲ್ಲ. ಇಬ್ಬರೂ ಏಕಕಾಲದಲ್ಲಿ ಹಿಂದೆ ಸರಿದು ತಗುಲಿಕೊಂಡಲ್ಲಿ ತಪ್ಪನ್ನು ಇಬ್ಬರಿಗೂ ಹಂಚುವುದುಂಟು. ಗೆರೆಯಾಚೆ ಚಾಚಿಕೊಂಡು ಅಡ್ಡಾದಿಡ್ಡಿಯಾಗಿ ನಿಲ್ಲಿಸಿದವನಿಗೂ ಒಂದು ಪಾಲು ಬರಬಹುದು. ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂದು ಗೋಡೆಯ ಮೇಲೆ ಬರೆಸಿದ ಹಲಗೆಯು ಬಯಲಿನ ಒಡೆಯನು ತನ್ನ ರಕ್ಷಣೆಗೆ ಹಾಕಿಕೊಂಡದ್ದು; ಗುದ್ದಿದವನನ್ನು ಅದು ಬಿಡುಗಡೆ ಮಾಡಲಾರದು.

ಹಣವನ್ನು ತೆರುವವರು ಯಾರೆಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಮನಸ್ಸು ಜಾರುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯು ಮೂರನೆಯವರಿಗಾಗುವ ಹಾನಿಯ ವಿಮೆಯನ್ನು ಕಡ್ಡಾಯಗೊಳಿಸಿದೆ. ಖಾಸಗಿ ಕಾರಿನ ಪಾಲಿಸಿಯು ಅನ್ಯರ ಆಸ್ತಿಹಾನಿಯನ್ನು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಗಳವರೆಗೆ ವಹಿಸಿಕೊಳ್ಳುತ್ತದೆ. ಆದರೆ ನೆಗ್ಗಿದ ತಗಡಿನಂತಹ ಸಣ್ಣ ಹಾನಿಯಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಕಂಪನಿಯ ಬಾಗಿಲಿಗೇ ಹೋಗುವುದು ರೂಢಿ. ತಪ್ಪು ಯಾರದೆಂದು ಪರಸ್ಪರ ವ್ಯಾಜ್ಯವಾಡದೆ ತಮ್ಮ ತಮ್ಮ ಗ್ರಾಹಕರ ನಷ್ಟವನ್ನು ತಾವೇ ಭರಿಸುವ ಒಡಂಬಡಿಕೆಯೂ ವಿಮಾ ಕಂಪನಿಗಳಲ್ಲಿ ಉಂಟು. ವ್ಯವಹಾರದೃಷ್ಟಿಯಿಂದ ಇದು ಜಾಣತನವೇ ಸರಿ. ಆದರೆ ನಿರಪರಾಧಿಯ ಪಾಡೇನು? ಕ್ಲೇಮು ಮಾಡದ ವರ್ಷಗಳಿಗಾಗಿ ವಿಮಾಕಂತಿನಲ್ಲಿ ದೊರೆಯುವ ರಿಯಾಯಿತಿಯು ಮೊದಲ ವರ್ಷಕ್ಕೆ ಶೇ. 20ರಿಂದ ತೊಡಗಿ ಐದು ವರ್ಷಗಳಿಗೆ ಶೇ. 50ರವರೆಗೆ ಏರುತ್ತದೆ. ಊಟಕ್ಕೆ ಕುಳಿತಿದ್ದವನು ತನ್ನ ಪಾಲಿಸಿಯಿಂದ ಬಾಗಿಲನ್ನು ಸರಿಪಡಿಸಿಕೊಂಡರೆ, ತಾನು ಮಾಡದ ತಪ್ಪಿಗೆ ಆ ರಿಯಾಯಿತಿಯನ್ನು ಕಳೆದುಕೊಳ್ಳುತ್ತಾನೆ. ಪ್ರತಿ ಕ್ಲೇಮಿನಲ್ಲಿ ಕೈಯಿಂದ ಹಾಕಬೇಕಾದ ಕಡ್ಡಾಯ ಮೊತ್ತವನ್ನೂ ತೆರುತ್ತಾನೆ. ಅವನಿಗೆ ಮೂರನೆಯವರ ವಿಮೆ ಮಾತ್ರ ಇದ್ದಲ್ಲಿ ಸ್ವಂತ ಕಂಪನಿಯಿಂದ ಬಿಡಿಗಾಸೂ ಬಾರದು. ನ್ಯಾಯಮಂಡಳಿಯ ಮೆಟ್ಟಿಲೇರಲು ಹಕ್ಕುಂಟು. ಒಂದು ಬಾಗಿಲಿಗಾಗಿ ಏರುವವರು ವಿರಳ. ವಿಮೆಯಿಂದ ನಷ್ಟವು ಕರಗಿಹೋಗುತ್ತದೆಂಬುದು ಭ್ರಮೆ. ಗುದ್ದಿದವನು ಮೌನವಾಗಿದ್ದರೆ ಅದು ಇನ್ನೊಬ್ಬನ ಮನೆ ಸೇರುತ್ತದೆ.

ಇಲ್ಲಿ ಲೋಕಜ್ಞರು ಒಂದು ಆಕ್ಷೇಪವನ್ನು ತೆಗೆಯುತ್ತಾರೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆಯನ್ನು ಒಪ್ಪಿಕೊಳ್ಳಕೂಡದು, ಹಣ ಕೊಡುವೆನೆಂದು ಮಾತು ಕೊಡಕೂಡದು ಎಂಬ ಷರತ್ತು ಪಾಲಿಸಿಯಲ್ಲಿಯೇ ಇದೆಯಲ್ಲವೇ? ಮೌನವೇ ಅಲ್ಲಿ ಕರಾರುಪಾಲನೆಯಲ್ಲವೇ? ಇದು ತಳ್ಳಿಹಾಕತಕ್ಕ ಮಾತಲ್ಲ, ಷರತ್ತು ನಿಜವಾಗಿಯೂ ಇದೆ. ಆದರೆ ಅದು ತಡೆಯುವುದೇನನ್ನು? ಕಂಪನಿಯ ಬೊಕ್ಕಸದಿಂದ ಹೋಗಬೇಕಾದ ಹಣಕ್ಕೆ ಗ್ರಾಹಕನು ತಾನೇ ತೀರ್ಪುಗಾರನಾಗುವುದನ್ನು. ‘ನನ್ನ ಕಾರು ಹಿಂದೆ ಸರಿಯುವಾಗ ನಿಮ್ಮ ಬಾಗಿಲಿಗೆ ತಗುಲಿತು, ನನ್ನ ಹೆಸರು ಇದು, ಕಾರಿನ ಸಂಖ್ಯೆ ಇದು’ ಎಂಬುದು ನಡೆದ ಸಂಗತಿಯ ನಿವೇದನೆ. ‘ಖರ್ಚನ್ನೆಲ್ಲ ನನ್ನ ಕಂಪನಿ ಕೊಡುತ್ತದೆ’ ಎಂಬುದು ಪರರ ಹಣದ ಮೇಲಣ ವಾಗ್ದಾನ. ಎರಡನೆಯದನ್ನು ಷರತ್ತು ನಿಷೇಧಿಸುತ್ತದೆ. ಮೊದಲನೆಯದನ್ನು ನಿಷೇಧಿಸುವ ಉದ್ದೇಶ ಅದಕ್ಕಿಲ್ಲ. ಅದೇ ಪಾಲಿಸಿಯ ಕ್ಲೇಮು ಅರ್ಜಿಯು ಸತ್ಯವಾದ ವಿವರಣೆಯನ್ನೇ ಬಯಸುತ್ತದೆ; ಸುಳ್ಳು ಹೇಳಿದರೆ ಕ್ಲೇಮೇ ಬಿದ್ದುಹೋಗಬಹುದು.

ಸುಳ್ಳಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಗುದ್ದಿದವನು ಮನೆಗೆ ಹೋಗಿ, ‘ನಿಲ್ಲಿಸಿದ್ದ ನನ್ನ ಕಾರಿಗೆ ಯಾರೋ ಗುದ್ದಿ ಹೋದರು’ ಎಂದು ಅರ್ಜಿಯಲ್ಲಿ ಬರೆಯುವುದುಂಟು. ಇದರಿಂದ ಯಾರಿಗೂ ಕೇಡಿಲ್ಲವೆಂದು ಅವನು ತಿಳಿಯುತ್ತಾನೆ. ತಾನು ಪರರಿಗೆ ಮಾಡಿದ್ದನ್ನೇ ಪರರು ತನಗೆ ಮಾಡಿದರೆಂದು ಅವನು ಬರೆದಿದ್ದಾನೆ! ಆ ಒಂದು ಸಾಲಿನಲ್ಲಿ ಅಪರಾಧಿಯೂ ಅವನೇ, ದೂರುದಾರನೂ ಅವನೇ.

ಹಾಗಾದರೆ ಮಾಡತಕ್ಕದ್ದೇನು? ಒಳಗೆ ಹೋಗಿ ಒಡೆಯನನ್ನು ಕರೆಯಿಸಬೇಕು. ಸಿಗದಿದ್ದರೆ ಹೆಸರು, ದೂರವಾಣಿ, ಹೊತ್ತು ಬರೆದ ಚೀಟಿಯನ್ನು ಗಾಜಿನೊಳಗಿಟ್ಟು ಕಾವಲುಗಾರನಿಗೂ ತಿಳಿಸಬೇಕು. ಎರಡೂ ವಾಹನಗಳ ಚಿತ್ರ ತೆಗೆದು ತನ್ನ ಕಂಪನಿಗೆ ವಿಷಯವನ್ನು ತಿಳಿಸಬೇಕು. ಹಾನಿ ಸಣ್ಣದಾದರೆ ಕಂಪನಿಯ ಗೊಡವೆಯಿಲ್ಲದೆ ಗ್ಯಾರೇಜಿನ ಪಟ್ಟಿಯನ್ನು ನೋಡಿ ತನ್ನ ಹಣದಿಂದಲೇ ತೀರಿಸಬಹುದು. ಆ ಒಡೆಯನು ಅಷ್ಟರಲ್ಲಿ ತನ್ನ ಪಾಲಿಸಿಯಿಂದಲೇ ರಿಪೇರಿ ಮಾಡಿಸಿಕೊಂಡಿದ್ದಲ್ಲಿ, ಅವನು ಕೈಯಿಂದ ಹಾಕಿದ ಮೊತ್ತವೂ, ಮುಂದಿನ ಕಂತಿನಲ್ಲಿ ತಪ್ಪಿಹೋದ ರಿಯಾಯಿತಿಯೂ ಉಳಿಯುತ್ತವೆ. ಅವುಗಳ ಲೆಕ್ಕವನ್ನು ಯಾವ ಕಂಪನಿಯೂ ಕೇಳಿ ಬರುವುದಿಲ್ಲ. ಗುದ್ದಿದವನೇ ಕೇಳಿ ತಿಳಿದು ಕೊಡಬೇಕು.